ರೇಡಿಯಾಲಜಿ ವಿಭಾಗದಲ್ಲಿ ವಿಕಿರಣ ಸುರಕ್ಷತೆ: ಏನೋ ಸರಿ ಇಲ್ಲ ಅನ್ನಿಸಿದಾಗ ಎಲ್ಲಿಂದ ಹುಡುಕಬೇಕು

ಎಕ್ಸ್‌ರೇಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮೈಗೆ ಬಿಸಿಯೂ ತಾಗುವುದಿಲ್ಲ. ಹಾಗಾಗಿ ವಿಭಾಗದಲ್ಲಿ ಏನಾದರೂ ಕೆಟ್ಟರೆ ಅದು ನೇರವಾಗಿ ಗೊತ್ತಾಗುವುದಿಲ್ಲ. ಸಿಬ್ಬಂದಿಗೆ ಬಿದ್ದ ವಿಕಿರಣದ ಪ್ರಮಾಣ (ಡೋಸ್) ಅಳೆಯುವ ಬ್ಯಾಡ್ಜಿನ ವರದಿಯಲ್ಲಿ ಒಂದು ಅಂಕಿ ಏರಿರುತ್ತದೆ. ಬಾಗಿಲ ಮೇಲಿನ ದೀಪ ಉರಿಯುತ್ತಿರುವುದಿಲ್ಲ. ಚಿತ್ರದ ಒಂದು ಅಂಚು ಬಿಟ್ಟುಹೋಗಿರುತ್ತದೆ. ಆಗ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಒಂದೇ: 'ಮೆಷಿನ್ ಲೀಕ್ ಆಗ್ತಿದೆ.'

ಟ್ಯೂಬಿನ ಕವಚ ನಿಜವಾಗಿ ಸೋರುವುದು ಬಹಳ ಅಪರೂಪ. ಬಹುಪಾಲು ಸಲ ಕಾರಣ ಸಿಗುವುದು ಸೀಸದ ಏಪ್ರನ್ ತೂಗುಹಾಕಿದ ಕೊಕ್ಕೆಯಲ್ಲಿ, ನಾವು ನಿಂತ ಜಾಗದಲ್ಲಿ, ಮೆನುವಿನಲ್ಲಿ ಒತ್ತಿದ ತಪ್ಪು ಆಯ್ಕೆಯಲ್ಲಿ. ಅದಕ್ಕೇ ಇಲ್ಲಿ ಪ್ರತಿಯೊಂದು ಲಕ್ಷಣಕ್ಕೂ ದುಡ್ಡಿಲ್ಲದೆ ನೋಡಬಹುದಾದ್ದನ್ನು ಮೊದಲು ಇಟ್ಟಿದ್ದೇನೆ. ಮೀಟರ್, ಸರ್ವಿಸ್ ಎಂಜಿನಿಯರ್ ಎಲ್ಲ ಆಮೇಲೆ.

ಇದು ಎಕ್ಸ್‌ರೇ, ಸಿಟಿ, ಸಿ-ಆರ್ಮ್ (ರೋಗಿಯ ಸುತ್ತ ತಿರುಗಿಸಬಹುದಾದ ಎಕ್ಸ್‌ರೇ ಯಂತ್ರ), ಕ್ಯಾತ್‌ಲ್ಯಾಬ್‌ಗಳಿಗೆ (ಆಂಜಿಯೋಪ್ಲಾಸ್ಟಿಯಂಥವು ನಡೆಯುವ ಕೋಣೆ) ಮಾತ್ರ. ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಔಷಧಿಯೇ ವಿಕಿರಣ ಸೂಸುತ್ತದೆ. ಅದು ಚೆಲ್ಲಿದಾಗ, ಅಂಟಿದಾಗ ಮಾಡಬೇಕಾದ ಕೆಲಸವೇ ಬೇರೆ.

## ಬಟನ್ ಬಿಟ್ಟರೂ, ಪೆಡಲ್‌ನಿಂದ ಕಾಲು ತೆಗೆದರೂ ಎಕ್ಸ್‌ಪೋಶರ್ ನಿಲ್ಲುತ್ತಿಲ್ಲ

ಇದೊಂದರಲ್ಲಿ ಕಾರಣ ಹುಡುಕುತ್ತಾ ನಿಲ್ಲಬೇಡಿ. ಮೊದಲು ಯಂತ್ರ ನಿಲ್ಲಿಸಿ. ಕೆಂಪು ಎಮರ್ಜೆನ್ಸಿ ಬಟನ್ ಒತ್ತಿ. ಅದು ಕೆಲಸ ಮಾಡದಿದ್ದರೆ ಗೋಡೆಯ ಮೇನ್ ಸ್ವಿಚ್ ಆಫ್ ಮಾಡಿ. ಬ್ಯಾಟರಿ ಇರುವ ಮೊಬೈಲ್ ಎಕ್ಸ್‌ರೇ ಆದರೆ ಪ್ಲಗ್ ಕಿತ್ತರೆ ಸಾಲದು, ಅದು ಬ್ಯಾಟರಿಯಲ್ಲೇ ಓಡುತ್ತಿರುತ್ತದೆ. ಅದರ ಮೇಲೇ ಇರುವ ತುರ್ತು ಬಟನ್ ಅಥವಾ ಕೀಲಿಯಿಂದ ನಿಲ್ಲಿಸಬೇಕು. ಕ್ಯಾತ್‌ಲ್ಯಾಬ್‌ನಲ್ಲಿ ಪವರ್ ಹೋದರೆ ಟೇಬಲ್ಲೂ ಪರದೆಯೂ ನಿಂತುಹೋಗಬಹುದು. ಆದ್ದರಿಂದ ಬಟನ್ ಒತ್ತುತ್ತಲೇ ಡಾಕ್ಟರಿಗೆ ಜೋರಾಗಿ ಹೇಳಿ.

ನಿಂತ ಮೇಲೆ ಕೋಣೆಯೊಳಗೆ ಹೋಗಬಹುದಾ? ಹೋಗಬಹುದು. ಎಕ್ಸ್‌ರೇ ಟ್ಯೂಬ್ ಈ ವಿಷಯದಲ್ಲಿ ಬಲ್ಬಿನ ಹಾಗೆ. ಸ್ವಿಚ್ ಆರಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುವುದಿಲ್ಲ. ಗಾಳಿಯಲ್ಲಿ, ಗೋಡೆಯಲ್ಲಿ, ರೋಗಿಯ ಮೈಯಲ್ಲಿ ಏನೂ ಉಳಿದಿರುವುದಿಲ್ಲ.

ಈಗ ಕಾರಣ ನೋಡಿ. ಮೊದಲು ಪೆಡಲ್. ಸ್ಟ್ರೆಚರ್ ಚಕ್ರ ಅದರ ಮೇಲೆ ಕೂತಿದೆಯಾ? ಬಟ್ಟೆ, ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿದೆಯಾ? ಸಲೈನ್ ಅಥವಾ ರಕ್ತ ಒಳಗಿಳಿದು ಅಂಟಾಗಿದೆಯಾ? ಎರಡು ಪೆಡಲ್ ಇರುವ ಯಂತ್ರವಾದರೆ ಎರಡನೆಯದನ್ನು ಬೇರೆ ಯಾರಾದರೂ ತುಳಿದಿದ್ದರಾ? ಕೈಬಟನ್ ಆದರೆ ಅದು ಪೂರ್ತಿ ಮೇಲೆ ಬರುತ್ತಿದೆಯಾ, ವೈರ್ ಬುಡದಲ್ಲಿ ತಿರುಚಿದೆಯಾ ನೋಡಿ.

ಒಂದು ಗೊಂದಲವನ್ನೂ ಇಲ್ಲೇ ಬಿಡಿಸೋಣ. ಫ್ಲೂರೋ (ವಿಡಿಯೋ ಹಾಗೆ ಓಡುವ ಎಕ್ಸ್‌ರೇ) ನಡೆಯುತ್ತಿರುವಾಗ ಐದು ನಿಮಿಷಕ್ಕೊಮ್ಮೆ ಬರುವ ಬೀಪ್ ದೋಷವಲ್ಲ. ಇಷ್ಟು ಹೊತ್ತು ಕಿರಣ ಓಡಿದೆ ಎಂದು ಯಂತ್ರ ನೆನಪಿಸುತ್ತಿದೆ. ಅದನ್ನು ನೋಡದೆಯೇ ರೀಸೆಟ್ ಒತ್ತುವುದು ಅನೇಕ ಕಡೆ ಅಭ್ಯಾಸವಾಗಿಬಿಟ್ಟಿದೆ. ಬೀಪ್ ಬಂದಾಗಲೆಲ್ಲ 'ಐದು ನಿಮಿಷ', 'ಹತ್ತು ನಿಮಿಷ' ಎಂದು ಬಾಯಿಬಿಟ್ಟು ಹೇಳಿದರೆ ಡಾಕ್ಟರಿಗೂ ಲೆಕ್ಕ ಸಿಗುತ್ತದೆ.

ಬಟ್ಟೆ ಸಿಕ್ಕಿಕೊಂಡಿದ್ದು ಕಣ್ಣಿಗೆ ಕಂಡರೆ ಸರಿ, ತೆಗೆದು ಖಾಲಿ ಕೋಣೆಯಲ್ಲಿ ಪರೀಕ್ಷಿಸಿ. ಕಾರಣ ಸಿಗಲಿಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. 'ಬಳಸಬೇಡಿ' ಎಂದು ಬರೆದು ತಗುಲಿಸಿ. ಸಮಯ, ಯಾವ ಪ್ರೊಸೀಜರ್, ಪರದೆಯಲ್ಲಿದ್ದ ಡೋಸ್, ಒಳಗೆ ಯಾರಿದ್ದರು ಎಂದು ಬರೆದಿಟ್ಟು ವಿಕಿರಣ ಸುರಕ್ಷತಾ ಅಧಿಕಾರಿಗೆ (ಆರ್‌ಎಸ್‌ಒ) ತಿಳಿಸಿ. ಜನರೇಟರ್ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ. ಪವರ್ ತೆಗೆದ ಮೇಲೂ ಒಳಗೆ ಜೀವಕ್ಕೆ ಕುತ್ತು ತರುವಷ್ಟು ವೋಲ್ಟೇಜ್ ಉಳಿದಿರಬಹುದು.

## ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿಲ್ಲ, ಇಲ್ಲವೇ ಯಾವಾಗಲೂ ಉರಿಯುತ್ತದೆ

ಉರಿಯದಿದ್ದರೆ ಮೊದಲ ಗುಮಾನಿ ಬಲ್ಬಿನ ಮೇಲೆ. ಅದನ್ನು ಬದಲಿಸಿ ನೋಡಿ. ಹೊಸ ಬಲ್ಬೂ ಉರಿಯದಿದ್ದರೆ ಜನರೇಟರಿನಿಂದ ಬರುವ ರಿಲೇ ಅಥವಾ ವೈರಿಂಗ್ ಕೆಟ್ಟಿದೆ. ಅದು ಎಲೆಕ್ಟ್ರಿಷಿಯನ್ ಒಬ್ಬರೇ ಮುಟ್ಟುವ ಕೆಲಸವಲ್ಲ, ಯಂತ್ರದ ಎಂಜಿನಿಯರ್ ಜೊತೆಗಿರಬೇಕು.

ಯಾವಾಗಲೂ ಉರಿಯುವ ದೀಪ ಇನ್ನೂ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆಯಿಂದ ಸಂಜೆವರೆಗೆ ಉರಿಯುವ ದೀಪವನ್ನು ಯಾರೂ ನಂಬುವುದಿಲ್ಲ. ಆಯಾ, ವಾರ್ಡ್‌ಬಾಯ್, ರೋಗಿಯ ಕಡೆಯವರು ಎಲ್ಲರೂ ಬಾಗಿಲು ತಳ್ಳಿಕೊಂಡು ಬರುತ್ತಾರೆ. ಅಂಥ ಕಡೆ ದೀಪವನ್ನು ಕನ್ಸೋಲಿನ ಪವರಿಗೆ ಜೋಡಿಸಿರುವ ಸಾಧ್ಯತೆ ಇದೆ. ಎಕ್ಸ್‌ಪೋಶರ್ ತಯಾರಿಯ ಹಂತದಿಂದ ಮುಗಿಯುವವರೆಗೆ ಮಾತ್ರ ಉರಿಯುವಂತೆ ಬದಲಿಸಿಕೊಡಿ ಎಂದು ಎಂಜಿನಿಯರಿಗೆ ಹೇಳಿ.

ರಿಪೇರಿ ಆಗುವವರೆಗೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಹೊರಗೊಂದು ಬೋರ್ಡ್ ಇಡಿ. ಬಾಗಿಲಿಗೆ ಇಂಟರ್‌ಲಾಕ್ ಸ್ವಿಚ್ (ಬಾಗಿಲು ತೆರೆದರೆ ಕಿರಣ ತಡೆಯುವುದು) ಇದ್ದರೆ ಅದು 'ತೊಂದರೆ ಕೊಡುತ್ತೆ' ಎಂದು ಟೇಪ್ ಅಂಟಿಸುವುದು ಮಾತ್ರ ಬೇಡ. ಸಂಜೆ ತೆಗೆಯುತ್ತೇವೆ ಎಂದು ಅಂಟಿಸಿದ ಟೇಪ್ ವರ್ಷಗಟ್ಟಲೆ ಅಲ್ಲೇ ಇರುತ್ತದೆ.

## ಬ್ಯಾಡ್ಜ್ ವರದಿಯಲ್ಲಿ ಒಬ್ಬರ ಡೋಸ್ ಇದ್ದಕ್ಕಿದ್ದಂತೆ ಏರಿದೆ

ಟಿಎಲ್‌ಡಿ ಬ್ಯಾಡ್ಜ್ ತನಗೆ ಬಿದ್ದ ಡೋಸನ್ನು ಹೇಳುತ್ತದೆ. ಅದು ನಿಮ್ಮ ಮೈಮೇಲಿತ್ತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಮೊದಲ ಪ್ರಶ್ನೆ ಯಂತ್ರದ ಬಗ್ಗೆ ಅಲ್ಲ, ಬ್ಯಾಡ್ಜ್ ಎಲ್ಲಿತ್ತು ಎನ್ನುವುದರ ಬಗ್ಗೆ.

ಏಪ್ರನ್‌ಗೆ ಚುಚ್ಚಿ ಅಲ್ಲೇ ಬಿಟ್ಟು ಮನೆಗೆ ಹೋಗುವವರು ಬಹಳ. ಆ ಏಪ್ರನ್ ತೂಗುವ ಜಾಗ ಎಕ್ಸ್‌ರೇ ಕೋಣೆಯೊಳಗೇ ಇದ್ದರೆ ರಾತ್ರಿ ಪಾಳಿಯ ಡೋಸೆಲ್ಲ ಅದರ ಲೆಕ್ಕಕ್ಕೆ. ಇದನ್ನು ಕೇಳಿ ತಿಳಿಯುವುದಕ್ಕಿಂತ ಸುಮ್ನೆ ಹೋಗಿ ಕೊಕ್ಕೆಗಳನ್ನು ನೋಡಿದರೆ ಬೇಗ ಗೊತ್ತಾಗುತ್ತದೆ.

ಎರಡನೆಯದು, ಏಪ್ರನ್ ಒಳಗೋ ಹೊರಗೋ. ಒಂದೇ ಬ್ಯಾಡ್ಜ್ ಇದ್ದರೆ ಅದನ್ನು ಎದೆಯ ಮಟ್ಟದಲ್ಲಿ, ಏಪ್ರನ್ ಒಳಗೆ ಹಾಕುವುದು ಸಾಮಾನ್ಯ ಪದ್ಧತಿ. ಕೆಲವು ದೇಶಗಳಲ್ಲಿ ಹೊರಗೆ ಕಾಲರಿನ ಹತ್ತಿರ ಹಾಕಿಸುತ್ತಾರೆ. ಎರಡು ಕೊಟ್ಟಿದ್ದರೆ ಒಂದು ಒಳಗೆ, ಇನ್ನೊಂದು ಹೊರಗೆ ಕಾಲರಿನ ಹತ್ತಿರ. ಒಳಗೆ ಇರಬೇಕಾದದ್ದು ಹೊರಗೆ ಬಂದರೆ ಅಂಕಿ ಹತ್ತು ಪಟ್ಟು ಏರಿದರೂ ಆಶ್ಚರ್ಯವಿಲ್ಲ. 0.5 ಮಿಲಿಮೀಟರ್ ಸೀಸಕ್ಕೆ ಸಮನಾದ ಏಪ್ರನ್ ಚದುರಿ ಬರುವ ವಿಕಿರಣದಲ್ಲಿ ಶೇ 90ಕ್ಕಿಂತ ಜಾಸ್ತಿ ತಡೆಯುತ್ತದಲ್ಲ, ಅದಕ್ಕೆ. ಎರಡು ಬ್ಯಾಡ್ಜ್ ಅದಲುಬದಲಾದಾಗಲೂ ಇದೇ ಚಿತ್ರ ಕಾಣುತ್ತದೆ: ಒಳಗಿನದು ಜಾಸ್ತಿ, ಹೊರಗಿನದು ಕಡಿಮೆ.

ಮೂರನೆಯದು, ಆ ವ್ಯಕ್ತಿಗೇ ಎಕ್ಸ್‌ರೇ ಅಥವಾ ಸಿಟಿ ಆಗಿತ್ತಾ, ಆಗ ಬ್ಯಾಡ್ಜ್ ಜೇಬಿನಲ್ಲಿತ್ತಾ? ರೋಗಿಯಾಗಿ ಪಡೆದ ಡೋಸ್ ಕೆಲಸದ ಲೆಕ್ಕಕ್ಕೆ ಸೇರುವುದಿಲ್ಲ.

ಎಲ್ಲರ ಅಂಕಿಯೂ ಒಟ್ಟಿಗೆ ಏರಿದ್ದರೆ ಆಟ ಬೇರೆ. ಆಗ ನೋಡಬೇಕಾದ್ದು ಕಂಟ್ರೋಲ್ ಬ್ಯಾಡ್ಜ್. ಪ್ರಕೃತಿಯಲ್ಲೇ ಇರುವ ವಿಕಿರಣವನ್ನು ಕಳೆಯಲು ಅದನ್ನು ಇಟ್ಟಿರುತ್ತಾರೆ. ಅದು ಎಕ್ಸ್‌ರೇ ಕೋಣೆಯಿಂದ ದೂರ, ಉಳಿದ ಬ್ಯಾಡ್ಜುಗಳು ಕೆಲಸವಿಲ್ಲದ ಹೊತ್ತು ಇರುವ ಜಾಗದಲ್ಲೇ ಇರಬೇಕು. ಕಂಟ್ರೋಲನ್ನೇ ಕೋಣೆಯೊಳಗೆ ಇಟ್ಟರೆ ಉಲ್ಟಾ ಆಗುತ್ತದೆ. ಕಳೆಯುವ ಅಂಕಿ ದೊಡ್ಡದಾಗಿ ಎಲ್ಲರ ಡೋಸೂ ಸುಳ್ಳೇ ಕಡಿಮೆ ಬರುತ್ತದೆ. ಯಾರೂ ದೂರು ಕೊಡುವುದಿಲ್ಲ, ಹಾಗಾಗಿ ಸಿಕ್ಕಿಬೀಳುವುದೂ ಕಷ್ಟ.

ಇಷ್ಟೂ ಸರಿ ಇದ್ದರೆ ಡೋಸ್ ನಿಜ ಎಂದು ಒಪ್ಪಿಕೊಂಡು ಕೆಲಸ ನೋಡಬೇಕು. ರೋಗಿಯ ಮೈಯಿಂದ ಚದುರುವ ವಿಕಿರಣವೇ ಇಲ್ಲಿ ಮುಖ್ಯ. ಒಂದು ಮೀಟರ್ ದೂರದಲ್ಲಿ ಅದು ರೋಗಿಯ ಚರ್ಮಕ್ಕೆ ಬೀಳುವುದರ ಸುಮಾರು ಸಾವಿರದಲ್ಲೊಂದು ಭಾಗ. ದೂರ ಎರಡರಷ್ಟಾದರೆ ಡೋಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಹೆಜ್ಜೆ ಹಿಂದೆ ಸರಿಯುವುದಕ್ಕೆ ಖರ್ಚಿಲ್ಲ, ಅಲ್ವಾ? ಸಿ-ಆರ್ಮ್ ಅಡ್ಡ ತಿರುಗಿದಾಗ ಟ್ಯೂಬ್ ಇರುವ ಬದಿಯಲ್ಲಿ ಚದುರುವಿಕೆ ಜಾಸ್ತಿ. ಆಗ ಡಿಟೆಕ್ಟರ್ ಬದಿಗೆ ಬನ್ನಿ. ನೇರ ನಿಲುವಿನಲ್ಲಿ ಟ್ಯೂಬ್ ಟೇಬಲ್ ಕೆಳಗಿರಲಿ. ಮೇಲಿದ್ದರೆ ಚದುರಿದ ಕಿರಣ ನೇರ ಮುಖಕ್ಕೆ, ಕಣ್ಣಿಗೆ. ರೋಗಿಯಿಂದ ಟ್ಯೂಬ್ ದೂರ, ಡಿಟೆಕ್ಟರ್ ಹತ್ತಿರ. ಮ್ಯಾಗ್ನಿಫಿಕೇಶನ್ ಬೇಕಾದಾಗ ಮಾತ್ರ. ಫ್ರೇಮ್ ರೇಟ್ ಯಾರಾದರೂ ಏರಿಸಿ ಹಾಗೇ ಬಿಟ್ಟಿದ್ದಾರಾ ಎಂದೂ ನೋಡಿ. ಸೆಕೆಂಡಿಗೆ 7.5 ಸಾಕಾಗುವ ಕಡೆ 15 ಓಡುತ್ತಿರುವುದು ಹೊಸದಲ್ಲ.

ಮಿತಿಗಳು ಹೀಗಿವೆ. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ (ಐಸಿಆರ್‌ಪಿ) ಪ್ರಕಾರ ಸಿಬ್ಬಂದಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ), ಯಾವ ಒಂದು ವರ್ಷದಲ್ಲೂ 50 ದಾಟಬಾರದು. ಕೆಲವು ದೇಶಗಳ ನಿಯಮ ಇದಕ್ಕಿಂತ ಬಿಗಿ. ಕೈ, ಪಾದ, ಚರ್ಮಕ್ಕೆ ವರ್ಷಕ್ಕೆ 500. ಹೋಲಿಸಿ ನೋಡಲು: ಪ್ರಕೃತಿಯಿಂದಲೇ ಮನುಷ್ಯನಿಗೆ ಸಿಗುವುದು ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್. ಆದರೆ ಮಿತಿ ದಾಟುವವರೆಗೆ ಕಾಯಬೇಕಿಲ್ಲ. ಒಬ್ಬರ ಅಂಕಿ ಅವರದೇ ಹಿಂದಿನ ವರದಿಗಳಿಗಿಂತ ಎರಡು ಮೂರು ಪಟ್ಟಾಗಿದ್ದರೆ ಅದೇ ಸಾಕು, ಆರ್‌ಎಸ್‌ಒ ಹತ್ತಿರ ಹೋಗಿ.

## ವರದಿಯಲ್ಲಿ ಯಾವಾಗಲೂ ಸೊನ್ನೆ

ಸಾಮಾನ್ಯ ಎಕ್ಸ್‌ರೇ ಕೋಣೆಯ ಟೆಕ್ನಿಷಿಯನ್ ಆದರೆ ಸೊನ್ನೆ ಬರುವುದು ಸಹಜ, ಒಳ್ಳೆಯದೇ. ದಿನವೂ ಕ್ಯಾತ್‌ಲ್ಯಾಬ್‌ನಲ್ಲಿ ಟೇಬಲ್ ಪಕ್ಕ ನಿಲ್ಲುವವರ ಕಾಲರ್ ಬ್ಯಾಡ್ಜ್ ಸೊನ್ನೆ ಎಂದರೆ ಅದು ಡ್ರಾಯರಿನಲ್ಲಿದೆ ಎಂದರ್ಥ. ಬೈಯುವುದರಿಂದ ಪ್ರಯೋಜನವಿಲ್ಲ. ಅಂಕಿ ಏರಿದರೆ ಕೆಲಸದಿಂದ ತೆಗೆಯುತ್ತಾರೆ ಎಂಬ ಹೆದರಿಕೆ ಇದರ ಹಿಂದೆ ಇರುತ್ತದೆ, ಆ ಹೆದರಿಕೆಯನ್ನು ಮೊದಲು ತೆಗೆಯಬೇಕು.

## ಏಪ್ರನ್ ಮಡಿಕೆ ಬಿದ್ದಿದೆ, ಒಳಗೆ ಏನೋ ಜಾರಿದಂತಿದೆ

ಟೇಬಲ್ ಮೇಲೆ ಹರಡಿ. ಅಂಗೈಯಿಂದ ನಿಧಾನವಾಗಿ ಸವರಿ. ಗಂಟು, ತೆಳುವಾದ ಜಾಗ, ಕೆಳಗೆ ಕುಸಿದು ಕೂತ ಪದರ ಬೆರಳಿಗೆ ಸಿಗುತ್ತದೆ. ಭುಜ, ಸೊಂಟದ ಮಡಿಕೆ, ಹೊಲಿಗೆಯ ಅಂಚು, ಈ ಮೂರು ಕಡೆ ಬಿರುಕು ಜಾಸ್ತಿ. ಹೊರಬಟ್ಟೆ ಹರಿದು ಒಳಗಿನ ಪದರ ಕಾಣುತ್ತಿದ್ದರೆ ಸೀಸದ ಪುಡಿ ಕೈಗೆ ಅಂಟುತ್ತದೆ. ಕೈ ತೊಳೆದುಕೊಳ್ಳಿ, ಅದನ್ನು ಬದಿಗಿಡಿ.

ಅನುಮಾನ ಬಂದರೆ ಎಕ್ಸ್‌ರೇ ತೆಗೆದು ನೋಡಬೇಕು. ವರ್ಷಕ್ಕೊಮ್ಮೆ ಎಲ್ಲ ಏಪ್ರನ್‌ಗಳಿಗೂ ಇದನ್ನು ಮಾಡುವುದು ಒಳ್ಳೆಯ ರೂಢಿ. ಇಲ್ಲೊಂದು ಬಲೆ ಇದೆ. ಫ್ಲೂರೋದಲ್ಲಿ ಆಟೋಮ್ಯಾಟಿಕ್ ಬ್ರೈಟ್‌ನೆಸ್ ಆನ್ ಇಟ್ಟು ಏಪ್ರನ್ ನೋಡಿದರೆ, ಎದುರಿಗೆ ಸೀಸ ಬಂದ ತಕ್ಷಣ ಯಂತ್ರ ತನ್ನ ಶಕ್ತಿಯನ್ನೆಲ್ಲ ಏರಿಸಿಬಿಡುತ್ತದೆ. ಕೋಣೆಯಲ್ಲಿದ್ದವರಿಗೆ ಸುಮ್ನೆ ಡೋಸ್, ಟ್ಯೂಬಿಗೂ ಹೊರೆ. ಮ್ಯಾನುಯಲ್‌ನಲ್ಲಿ ಕಡಿಮೆ ಕೆವಿ (ಟ್ಯೂಬಿನ ವೋಲ್ಟೇಜ್) ಇಟ್ಟು ನೋಡಿ. ಸಿಟಿ ಇದ್ದರೆ ಟೇಬಲ್ ಮೇಲೆ ಹರಡಿ ಒಂದು ಸ್ಕೌಟ್ (ಸ್ಕ್ಯಾನಿಗೆ ಮೊದಲು ತೆಗೆಯುವ ಚಪ್ಪಟೆ ಚಿತ್ರ) ತೆಗೆದರೆ ಇಡೀ ಏಪ್ರನ್ ಒಂದೇ ಸಲಕ್ಕೆ ಕಾಣುತ್ತದೆ.

ತೂತು ಕಂಡ ಕೂಡಲೇ ಎಸೆಯಬೇಕಾ? ಎಲ್ಲಿದೆ, ಎಷ್ಟು ದೊಡ್ಡದು ಎಂಬುದರ ಮೇಲೆ ಹೋಗುತ್ತದೆ. ಅನೇಕ ಕಡೆ ಬಳಸುವ ಒಂದು ಅಳತೆ: ಮುಖ್ಯ ಅಂಗಗಳ ಮೇಲೆ ಬರುವ ಜಾಗದಲ್ಲಿ 15 ಚದರ ಮಿಲಿಮೀಟರ್ ದಾಟಿದರೆ ಏಪ್ರನ್ ಬದಲಿಸಿ. ಹೊಲಿಗೆಯ ಅಂಚು, ಬೆನ್ನಿನ ಭಾಗ, ಒಂದರ ಮೇಲೊಂದು ಬರುವ ಜಾಗದಲ್ಲಾದರೆ 670ರವರೆಗೆ ಸಹಿಸಬಹುದು. ಥೈರಾಯ್ಡ್ ಕಾಲರಿಗೆ 11. ಟೇಪ್ ಅಂಟಿಸಿ ರಿಪೇರಿ ಮಾಡುವುದು ಬೇಡ, ಟೇಪ್ ಬಿರುಕನ್ನು ಮುಚ್ಚುತ್ತದೆ, ಕಿರಣವನ್ನಲ್ಲ. ತೆಗೆದುಹಾಕಿದ್ದನ್ನು ಮಾಮೂಲಿ ಕಸಕ್ಕೆ ಹಾಕಬೇಡಿ, ಸೀಸ ವಿಷ. ಹೊಸದನ್ನು ಮಡಚದೆ ತೂಗುಹಾಕಿ. ಕುರ್ಚಿಯ ಬೆನ್ನಿಗೆ ಎಸೆಯುವ ಚಾಳಿ ಬಿಟ್ಟರೆ ಅರ್ಧ ಬಿರುಕು ತಪ್ಪುತ್ತದೆ.

## ಚಿತ್ರ ಚೆನ್ನಾಗಿದೆ, ಆದರೆ ಎಕ್ಸ್‌ಪೋಶರ್ ಇಂಡೆಕ್ಸ್ ಏರುತ್ತಲೇ ಇದೆ

ಫಿಲ್ಮಿನ ಕಾಲದಲ್ಲಿ ಎಕ್ಸ್‌ಪೋಶರ್ ಜಾಸ್ತಿಯಾದರೆ ಫಿಲ್ಮ್ ಕಪ್ಪಾಗಿ ತಾನೇ ಹೇಳುತ್ತಿತ್ತು. ಡಿಜಿಟಲ್ ಹೇಳುವುದಿಲ್ಲ. ಕಡಿಮೆಯಾದರೆ ಚಿತ್ರ ಕಾಳುಕಾಳಾಗಿ ಬೈಗುಳ ಬರುತ್ತದೆ, ಜಾಸ್ತಿಯಾದರೆ ಚಿತ್ರ ಇನ್ನೂ ನುಣುಪಾಗಿ ಶಭಾಶ್ ಸಿಗುತ್ತದೆ. ಹಾಗಾಗಿ ಎಲ್ಲರೂ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಹೋಗುತ್ತಾರೆ. ಇದಕ್ಕೆ ಡೋಸ್ ಕ್ರೀಪ್ ಎನ್ನುತ್ತಾರೆ.

ಡಿಟೆಕ್ಟರಿಗೆ ಎಷ್ಟು ಕಿರಣ ತಲುಪಿತು ಎಂದು ಎಕ್ಸ್‌ಪೋಶರ್ ಇಂಡೆಕ್ಸ್ ಹೇಳುತ್ತದೆ. ನೋಡಬೇಕಾದ್ದು ಅದು ಗುರಿಯಿಂದ ಎಷ್ಟು ಸರಿದಿದೆ ಎಂದು ತೋರಿಸುವ ಡೀವಿಯೇಶನ್ ಇಂಡೆಕ್ಸ್, ಅಂದರೆ ಡಿಐ. ಸೊನ್ನೆ ಇದ್ದರೆ ಗುರಿ ಮುಟ್ಟಿದೆ. +1 ಎಂದರೆ ಸುಮಾರು ಕಾಲು ಭಾಗ ಜಾಸ್ತಿ. +3 ಎಂದರೆ ಎರಡು ಪಟ್ಟು, −3 ಎಂದರೆ ಅರ್ಧ. ಹಳೆಯ ಕೆಲವು ಸಿಆರ್ (ಕ್ಯಾಸೆಟ್ಟಿನ ಪ್ಲೇಟ್ ಓದಿ ಚಿತ್ರ ಕೊಡುವ) ಯಂತ್ರಗಳ ಎಸ್ ನಂಬರ್ ಉಲ್ಟಾ ಓಡುತ್ತದೆ. ಅಲ್ಲಿ ಅಂಕಿ ಇಳಿದಷ್ಟೂ ಎಕ್ಸ್‌ಪೋಶರ್ ಜಾಸ್ತಿ. ನಿಮ್ಮದು ಯಾವುದು ಎಂದು ಮೊದಲು ತಿಳಿದುಕೊಳ್ಳಿ.

ಒಂದೆರಡು ಚಿತ್ರದಲ್ಲಿ ಮಾತ್ರ ಏರಿದ್ದರೆ ಆ ಚಿತ್ರಗಳನ್ನೇ ತೆರೆದು ನೋಡಿ. ಮೆನುವಿನಲ್ಲಿ ಬೇರೆ ಅಂಗ ಆಯ್ಕೆಯಾಗಿದೆಯಾ? ಗೋಡೆಯ ಸ್ಟ್ಯಾಂಡಿನಲ್ಲಿ ರೋಗಿ ನಿಂತಿದ್ದು, ಕನ್ಸೋಲಿನಲ್ಲಿ ಟೇಬಲ್ ಆಯ್ಕೆಯಾಗಿತ್ತಾ? ಹಾಗಾದರೆ ಸಾಕಷ್ಟು ಕಿರಣ ಬಂದ ಕೂಡಲೇ ನಿಲ್ಲಿಸುವ ಆಟೋ ಎಕ್ಸ್‌ಪೋಶರಿನ ಸೆನ್ಸರಿಗೆ ಕಿರಣವೇ ತಲುಪುವುದಿಲ್ಲ. ಬ್ಯಾಕಪ್ ಮಿತಿ ಬರುವವರೆಗೂ ಎಕ್ಸ್‌ಪೋಶರ್ ಓಡುತ್ತದೆ. ಸೊಂಟದ ಕೀಲಿಗೆ ಹಾಕಿದ ಲೋಹ ಸರಿಯಾಗಿ ಸೆನ್ಸರ್ ಮೇಲೆ ಬಂದರೂ ಇದೇ ಗತಿ. ಎಲ್ಲ ಚಿತ್ರಗಳಲ್ಲೂ, ಎಲ್ಲ ಪಾಳಿಯಲ್ಲೂ ಏರಿದ್ದರೆ ಆಗ ಗುರಿಯ ಸೆಟ್ಟಿಂಗ್, ಡಿಟೆಕ್ಟರ್ ಕ್ಯಾಲಿಬ್ರೇಶನ್, ಆಟೋ ಎಕ್ಸ್‌ಪೋಶರ್ ಇವುಗಳ ಸರದಿ. ಅದು ಮೆಡಿಕಲ್ ಫಿಸಿಸಿಸ್ಟ್ ಕೆಲಸ.

ಚಿತ್ರದ ಒಂದು ಬದಿ ಮಾತ್ರ ಬೆಳ್ಳಗಾಗಿ ಮಂಕಾಗಿದ್ದರೆ ಗ್ರಿಡ್ (ಚದುರಿದ ಕಿರಣ ತಡೆಯಲು ಡಿಟೆಕ್ಟರ್ ಮುಂದೆ ಇಡುವ ಜಾಲರಿ) ಓರೆಯಾಗಿದೆ ಅಥವಾ ಟ್ಯೂಬ್ ನಡುವಿನಿಂದ ಸರಿದಿದೆ. ಎರಡೂ ಬದಿ ಬೆಳ್ಳಗೆ, ನಡುವೆ ಮಾತ್ರ ಸರಿ ಇದ್ದರೆ ಗ್ರಿಡ್ ತಲೆಕೆಳಗಾಗಿರುವ ಸಾಧ್ಯತೆ ಜಾಸ್ತಿ. ಕೆವಿ ಏರಿಸಿ ಇನ್ನೊಮ್ಮೆ ತೆಗೆಯುವ ಮೊದಲು ಗ್ರಿಡ್ ತಿರುಗಿಸಿ ನೋಡಿ. ರಿಪೀಟ್ ಆದ ಚಿತ್ರಗಳನ್ನು ಅಳಿಸುವುದು ಮಾತ್ರ ಬೇಡ, ಕಾರಣದ ಸಮೇತ ಇಟ್ಟರೆ ತಿಂಗಳ ಕೊನೆಯಲ್ಲಿ ತಪ್ಪು ಎಲ್ಲಿ ಗುಂಪುಗೂಡಿದೆ ಎಂದು ತಾನೇ ಕಾಣುತ್ತದೆ.

## ಸಿಟಿ ಕನ್ಸೋಲಿನಲ್ಲಿ ಡೋಸ್ ಅಂಕಿ ಎಂದಿನಂತಿಲ್ಲ

ಸ್ಕ್ಯಾನ್ ಶುರುವಾಗುವ ಮೊದಲೇ ಸಿಟಿಡಿಐ (ಆ ಸ್ಕ್ಯಾನಿನ ಡೋಸ್ ಸೂಚಿಸುವ) ಅಂಕಿ ಪರದೆಯಲ್ಲಿ ಬರುತ್ತದೆ. ಅದನ್ನು ಓದದೆ ಸ್ಟಾರ್ಟ್ ಒತ್ತಿದರೆ ಏನಾಗಬಹುದು ಎಂಬುದಕ್ಕೆ ಒಂದು ಉದಾಹರಣೆ ಇದೆ. 2009ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಮೆದುಳಿನ ಪರ್ಫ್ಯೂಶನ್ ಸಿಟಿ (ರಕ್ತದ ಹರಿವು ನೋಡುವ ಸ್ಕ್ಯಾನ್) ಮಾಡಿಸಿಕೊಂಡ 206 ಜನರಿಗೆ ಇರಬೇಕಾದ್ದರ ಸುಮಾರು ಎಂಟು ಪಟ್ಟು ಡೋಸ್ ಬಿದ್ದಿದ್ದು ಬಯಲಾಯಿತು. 18 ತಿಂಗಳ ಕಾಲ ಅದು ಹಾಗೇ ನಡೆದಿತ್ತು. ರೋಗಿಗಳಿಗೆ ಕೂದಲು ಉದುರಿ, ಚರ್ಮ ಕೆಂಪಾಗಿ ದೂರು ಬಂದ ಮೇಲೆ ಗೊತ್ತಾಗಿದ್ದು.

ಅಂಕಿ ಜಾಸ್ತಿ ಕಂಡರೆ ಮೊದಲು ಟೇಬಲ್ ಎತ್ತರ ನೋಡಿ. ರೋಗಿ ಗ್ಯಾಂಟ್ರಿಯ ನಡುವಿಗಿಂತ ಟ್ಯೂಬಿಗೆ ಹತ್ತಿರವಿದ್ದಾಗ ಸ್ಕೌಟ್ ತೆಗೆದರೆ ಅವರು ದಪ್ಪಗೆ ಕಾಣುತ್ತಾರೆ. ಮೈಗಾತ್ರ ನೋಡಿ ಕಿರಣ ಹೊಂದಿಸುವ ಆಟೋ ಎಂಎ ಅದನ್ನು ನಂಬಿ ಡೋಸ್ ಏರಿಸುತ್ತದೆ. ಕೈ ಮೇಲೆತ್ತಿಲ್ಲವಾ, ಸ್ಕ್ಯಾನ್ ಉದ್ದ ಬೇಕಿರುವುದಕ್ಕಿಂತ ಜಾಸ್ತಿ ಇದೆಯಾ, ಮಕ್ಕಳಿಗೆ ದೊಡ್ಡವರ ಪ್ರೊಟೊಕಾಲ್ ಬಂದಿದೆಯಾ ನೋಡಿ. ಇದ್ಯಾವುದೂ ಅಲ್ಲದಿದ್ದರೆ ಯಾರೋ ಪ್ರೊಟೊಕಾಲನ್ನೇ ಬದಲಿಸಿ ಸೇವ್ ಮಾಡಿದ್ದಾರೆ. ತುರ್ತಿಲ್ಲದ ರೋಗಿಯಾದರೆ ಕಾಯಿಸಿ, ಆ ಪ್ರೊಟೊಕಾಲ್ ಬಳಸಬೇಡಿ.

## ಬೆಳಕಿನ ಚೌಕ ಒಂದು ಕಡೆ, ಚಿತ್ರ ಇನ್ನೊಂದು ಕಡೆ

ಕಿರಣದ ಅಗಲ ಹೊಂದಿಸುವ ಕೊಲಿಮೇಟರಿನ ಬಲ್ಬ್ ಬದಲಿಸಿದ ಮೇಲೆ, ಟ್ಯೂಬಿಗೆ ಏನಾದರೂ ತಗುಲಿದ ಮೇಲೆ ಇದು ಶುರುವಾಗುತ್ತದೆ. ಒಳಗಿನ ಕನ್ನಡಿ ಕೂದಲೆಳೆ ಸರಿದರೂ ಸಾಕು. ಬೆಳಕನ್ನು ನಂಬಿ ಇಟ್ಟ ಅಂಗ ಅರ್ಧ ಕತ್ತರಿಸಿ ಹೋಗುತ್ತದೆ, ಮತ್ತೆ ತೆಗೆಯಬೇಕಾಗುತ್ತದೆ.

ಪರೀಕ್ಷೆಗೆ ನಾಣ್ಯ ಸಾಕು. ಡಿಟೆಕ್ಟರ್ ಮೇಲೆ 100 ಸೆಂಟಿಮೀಟರ್ ದೂರದಿಂದ ಬೆಳಕು ಬಿಡಿ. ಚೌಕದ ನಾಲ್ಕೂ ಅಂಚಿಗೆ ನಾಣ್ಯಗಳನ್ನು ಜೋಡಿಯಾಗಿ ಇಡಿ, ಒಂದು ಒಳಗೆ, ಒಂದು ಹೊರಗೆ, ಎರಡೂ ಗೆರೆಗೆ ತಾಗಿರುವಂತೆ. ಯಾವ ಬದಿ ಎಂದು ಗೊತ್ತಾಗಲು ಒಂದು ಮೂಲೆಯಲ್ಲಿ ಒಂದು ನಾಣ್ಯ ಜಾಸ್ತಿ ಇಡಿ. ಕಡಿಮೆ ಎಕ್ಸ್‌ಪೋಶರಿನಲ್ಲಿ ಒಂದು ಚಿತ್ರ ತೆಗೆಯಿರಿ. ಕಿರಣದ ಅಂಚು ಎಲ್ಲಿ ಬಿತ್ತು ಎಂದು ಚಿತ್ರದಲ್ಲೇ ಅಳೆಯಬಹುದು. ವ್ಯತ್ಯಾಸ ದೂರದ ಶೇ 2ರ ಒಳಗಿರಬೇಕು, ಅಂದರೆ ಇಲ್ಲಿ 2 ಸೆಂಟಿಮೀಟರ್. ದಾಟಿದರೆ ಎಂಜಿನಿಯರನ್ನು ಕರೆಯಿರಿ. ಕನ್ನಡಿಯನ್ನು ನೀವೇ ತಿರುಗಿಸಲು ಹೋಗಬೇಡಿ.

## ಪಕ್ಕದ ಕೋಣೆಯವರು 'ನಮ್ಮ ಕಡೆ ಬರ್ತಿದೆ' ಅನ್ನುತ್ತಿದ್ದಾರೆ

ಹೆದರಿಕೆ ಎಂದು ತಳ್ಳಿಹಾಕಬೇಡಿ. ಗೋಡೆ ಸುತ್ತ ಒಂದು ಸುತ್ತು ಹೊಡೆಯಿರಿ. ಏಸಿ ಪೈಪಿಗೆ ಹೊಸದಾಗಿ ಕೊರೆದ ತೂತು, ಗೋಡೆಯೊಳಗೆ ಕೂರಿಸಿದ ಸ್ವಿಚ್ ಬಾಕ್ಸ್, ಬಾಗಿಲ ಕಬ್ಜದ ಬದಿಯ ಸಂದು, ಒಡೆದಾಗ ಮಾಮೂಲಿ ಗಾಜು ಹಾಕಿಸಿದ ಕಿಟಕಿ, ಇವು ಕಣ್ಣಿಗೇ ಕಾಣುತ್ತವೆ. ಚೆಸ್ಟ್ ಸ್ಟ್ಯಾಂಡನ್ನು ಯಾರಾದರೂ ಬೇರೆ ಗೋಡೆಗೆ ಸರಿಸಿದ್ದಾರಾ? ಪಕ್ಕದ ಗೋದಾಮು ಈಗ ಆಫೀಸ್ ಆಗಿದೆಯಾ? ಗೋಡೆಯ ಲೆಕ್ಕ ಹಾಕಿದ್ದು ಹಳೆಯ ಜೋಡಣೆಗೆ.

ಆಮೇಲೆ ಮೀಟರ್. ಬ್ಯಾಟರಿ ನೋಡಿ, ಕ್ಯಾಲಿಬ್ರೇಶನ್ ತಾರೀಖು ನೋಡಿ. ಎಕ್ಸ್‌ರೇ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಇರುವುದರಿಂದ ಗೈಗರ್ ಮೀಟರಿನ ಮುಳ್ಳು ಏಳುವ ಮೊದಲೇ ಕಿರಣ ಮುಗಿದಿರುತ್ತದೆ. ಅಯಾನ್ ಚೇಂಬರ್ ಮೀಟರನ್ನು ಒಟ್ಟು ಡೋಸ್ ಕೂಡಿಸುವ ಮೋಡಿನಲ್ಲಿಟ್ಟು ಅಳೆಯುವುದು ಸರಿ. ರೋಗಿಯ ಬದಲಿಗೆ ನೀರು ತುಂಬಿದ ಫ್ಯಾಂಟಮ್ ಇಡಿ. ಮನುಷ್ಯರನ್ನು ನಿಲ್ಲಿಸಿ 'ಟೆಸ್ಟ್' ಮಾಡುವುದು ಯಾವ ಕಾರಣಕ್ಕೂ ಬೇಡ.

ಅಂಕಿ ಓದುವಾಗಲೂ ಜೋಪಾನ. ಬಾಗಿಲ ಬಳಿ ಗಂಟೆಗೆ 60 ಮೈಕ್ರೊಸೀವರ್ಟ್ ಬಂತು ಅನ್ನಿ. ಕೇಳಲು ಭಯಂಕರ. ಆದರೆ ಅದು ಕಿರಣ ಓಡುವಾಗ ಮಾತ್ರ. ನಿಮಿಷಕ್ಕೆ 1 ಮೈಕ್ರೊಸೀವರ್ಟ್ ಆಯಿತು. ವಾರವಿಡೀ ಸೇರಿ ಕಿರಣ ಓಡುವುದು 5 ನಿಮಿಷವಾದರೆ ವಾರಕ್ಕೆ 5, ಐವತ್ತು ವಾರಕ್ಕೆ 250, ಅಂದರೆ 0.25 ಮಿಲಿಸೀವರ್ಟ್. ಸಾರ್ವಜನಿಕರಿಗೆ ಇರುವ ಮಿತಿ ವರ್ಷಕ್ಕೆ 1. ಅದರೊಳಗಿದೆ, ಆದರೂ ಸಂದು ಮುಚ್ಚಿಸುವುದು ಒಳ್ಳೆಯದು. ಟ್ಯೂಬಿನ ಕವಚದ ಸೋರಿಕೆಯನ್ನು ಬೇರೆಯಾಗಿ, ಕೊಲಿಮೇಟರ್ ಪೂರ್ತಿ ಮುಚ್ಚಿ ಅಳೆಯುತ್ತಾರೆ. ಒಂದು ಮೀಟರ್ ದೂರದಲ್ಲಿ ಗಂಟೆಗೆ 1 ಮಿಲಿಗ್ರೇ (ಗ್ರೇ ಎಂದರೆ ಹೀರಿಕೊಂಡ ವಿಕಿರಣದ ಮಾನ) ದಾಟಿದರೆ ಆ ಯಂತ್ರ ಬಳಸುವಂತಿಲ್ಲ.

## ಸಿಬ್ಬಂದಿಗೆ ತಲೆನೋವು, ಸುಸ್ತು, ಕೂದಲು ಉದುರುವುದು

ವಿಕಿರಣದಿಂದ ಕೂಡಲೇ ವಾಂತಿ, ಸುಸ್ತು ಬರಬೇಕಾದರೆ ಇಡೀ ಮೈಗೆ ಒಮ್ಮೆಲೇ ಸುಮಾರು 1 ಗ್ರೇ ಬೀಳಬೇಕು. ಬ್ಯಾಡ್ಜಿನ ಲೆಕ್ಕದಲ್ಲಿ ಅದು ಸಾವಿರ ಮಿಲಿಸೀವರ್ಟಿನ ಮಾತು. ತಲೆಯ ಕೂದಲು ಉದುರಲು ಆ ಜಾಗಕ್ಕೆ ಸುಮಾರು 3 ಗ್ರೇ ಬೇಕು. ಆದ್ದರಿಂದ ಕಂಟ್ರೋಲ್ ರೂಮಿನವರ ತಲೆನೋವಿಗೆ ಗಾಳಿಯಾಡದ ಕೋಣೆ, ಪರದೆ, ನಿದ್ದೆಗೆಟ್ಟ ಪಾಳಿ ಮೊದಲು ನೋಡಿ. ಬೆನ್ನು, ಕುತ್ತಿಗೆ ನೋವಿಗೆ ಏಪ್ರನ್ನಿನ ಭಾರವೇ ಕಾರಣವಿರಬಹುದು. ಮೇಲಂಗಿ, ಲಂಗ ಬೇರೆ ಬೇರೆ ಇರುವ ಜೋಡಿ ಏಪ್ರನ್ ಸೊಂಟಕ್ಕೂ ಭಾರ ಹಂಚುತ್ತದೆ.

ಎರಡು ಲಕ್ಷಣ ಮಾತ್ರ ಗಂಭೀರ. ಕ್ಯಾತ್‌ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಡಾಕ್ಟರಿಗೆ ಏಪ್ರನ್ ಅಂಚಿನ ಕೆಳಗೆ ಕಣಕಾಲಿನ ಕೂದಲು ಉದುರಿದ್ದರೆ ಟೇಬಲ್ ಕೆಳಗಿನ ಸೀಸದ ಪರದೆ ಇಲ್ಲ ಅಥವಾ ಅದನ್ನು ಬಳಸುತ್ತಿಲ್ಲ. ಇನ್ನೊಂದು, ಬೆಳಕಿನಲ್ಲಿ ಕಣ್ಣು ಕೋರೈಸುವುದು, ಓದಲು ಮಬ್ಬು. ವಿಕಿರಣದ ಕಣ್ಣಿನ ಪೊರೆ ಹೆಚ್ಚಾಗಿ ಮಸೂರದ ಹಿಂಭಾಗದಲ್ಲಿ ಶುರುವಾಗುತ್ತದೆ. 2011ರಲ್ಲಿ ಐಸಿಆರ್‌ಪಿ ಕಣ್ಣಿನ ಮಿತಿಯನ್ನು ವರ್ಷಕ್ಕೆ 150 ಮಿಲಿಸೀವರ್ಟಿನಿಂದ ಸರಾಸರಿ 20ಕ್ಕೆ ಇಳಿಸಿದ್ದು ಇದಕ್ಕೇ. ಕಣ್ಣಿನ ಡಾಕ್ಟರಿಗೆ ನಿಮ್ಮ ಕೆಲಸ ಏನೆಂದು ಹೇಳಿ. ಸೀಸದ ಕನ್ನಡಕ ಇದ್ದರೂ ಪರದೆ ನೋಡಲು ತಲೆ ತಿರುಗಿಸಿದಾಗ ಬದಿಯಿಂದ ಕಿರಣ ನುಗ್ಗುತ್ತದೆ. ಬದಿ ಮುಚ್ಚಿದ ಕನ್ನಡಕ ತೆಗೆದುಕೊಳ್ಳಿ. ತೂಗುವ ಗಾಜಿನ ಕವಚವನ್ನು ರೋಗಿಗೆ ಹತ್ತಿರ ಎಳೆದುಕೊಳ್ಳಿ.

## ಸ್ಕ್ಯಾನ್ ಆದ ಮೇಲೆ ರೋಗಿ ಗರ್ಭಿಣಿ ಎಂದು ಗೊತ್ತಾಯಿತು

ಗಾಬರಿಯಲ್ಲಿ 'ತೆಗೆಸಿಬಿಡಿ' ಎನ್ನುವವರಿದ್ದಾರೆ. ಹಾಗೆ ಹೇಳಲೇಬೇಡಿ. ಯಾವ ಅಂಗದ ಚಿತ್ರ, ಎಷ್ಟು ಚಿತ್ರ, ಯಂತ್ರ ತೋರಿಸಿದ ಡೋಸ್ ಎಷ್ಟು, ಎಷ್ಟನೇ ವಾರ ಎಂದು ಬರೆದು ಮೆಡಿಕಲ್ ಫಿಸಿಸಿಸ್ಟ್ ಹತ್ತಿರ ಲೆಕ್ಕ ಹಾಕಿಸಿ. ಎದೆಯ ಎಕ್ಸ್‌ರೇಯಲ್ಲಿ ಭ್ರೂಣಕ್ಕೆ ತಲುಪುವುದು 0.01 ಮಿಲಿಗ್ರೇಗಿಂತ ಕಡಿಮೆ. ಪೆಲ್ವಿಸ್ ಸಿಟಿಯಲ್ಲಿ ಸರಾಸರಿ ಸುಮಾರು 25. ಭ್ರೂಣದ ಡೋಸ್ 100 ಮಿಲಿಗ್ರೇಗಿಂತ ಕಡಿಮೆ ಇದ್ದರೆ ವಿಕಿರಣದ ಕಾರಣಕ್ಕೆ ಗರ್ಭಪಾತ ಮಾಡಿಸುವುದು ಸರಿಯಲ್ಲ ಎಂಬುದು ಐಸಿಆರ್‌ಪಿ ನಿಲುವು.

ಸಿಬ್ಬಂದಿಯೇ ಗರ್ಭಿಣಿಯಾದರೆ ತಿಳಿದ ಕೂಡಲೇ ಹೇಳಲಿ. ಉಳಿದ ಗರ್ಭದ ಅವಧಿಗೆ ಭ್ರೂಣದ ಡೋಸ್ 1 ಮಿಲಿಸೀವರ್ಟ್ ಒಳಗಿರುವಂತೆ ಕೆಲಸ ಹೊಂದಿಸಬೇಕು. ಕೆಲಸ ಬಿಡಿಸಬೇಕೆಂದಿಲ್ಲ.

## ಆಂಜಿಯೋಪ್ಲಾಸ್ಟಿ ಆಗಿ ಕೆಲವು ದಿನಗಳ ಮೇಲೆ ರೋಗಿಯ ಬೆನ್ನು ಕೆಂಪಾಗಿದೆ

ಗುರುತು ಚೌಕಾಕಾರವಾಗಿದ್ದು, ಅಂಚು ಸ್ಪಷ್ಟವಾಗಿದ್ದು, ಹೆಗಲ ಮೂಳೆಯ ಕೆಳಗಿದ್ದರೆ ಕಿರಣ ಒಳಹೊಕ್ಕ ಜಾಗ ಅದೇ ಎಂದು ಅನುಮಾನಿಸಿ. ಚರ್ಮಕ್ಕೆ 2 ಗ್ರೇ ದಾಟಿದರೆ ಕೆಲವೇ ಗಂಟೆಗಳಲ್ಲಿ ಕೆಂಪಾಗಿ ಮರೆಯಾಗಬಹುದು. 6 ಗ್ರೇ ಹತ್ತಿರವಾದರೆ ಸುಮಾರು ಹತ್ತು ದಿನದ ಮೇಲೆ ನಿಜವಾದ ಕೆಂಪು ಬರುತ್ತದೆ. ಅಷ್ಟರಲ್ಲಿ ರೋಗಿ ಮನೆಯಲ್ಲಿರುತ್ತಾರೆ. ಎದೆಗೆ ಮಾಡಿದ್ದಕ್ಕೂ ಬೆನ್ನಿನ ಗಾಯಕ್ಕೂ ಸಂಬಂಧವಿದೆ ಎಂದು ಅವರಿಗೆ ಹೊಳೆಯುವುದೇ ಇಲ್ಲ. ಚರ್ಮದ ಡಾಕ್ಟರು ಹುಳುಕಡ್ಡಿ ಎಂದೋ ಅಲರ್ಜಿ ಎಂದೋ ಮುಲಾಮು ಕೊಡುತ್ತಾರೆ.

ಪ್ರೊಸೀಜರ್ ದಾಖಲೆಯಲ್ಲಿ ರೆಫರೆನ್ಸ್ ಪಾಯಿಂಟಿನ ಏರ್ ಕೆರ್ಮಾ (ಚರ್ಮದ ಡೋಸ್ ಅಂದಾಜಿಸಲು ಯಂತ್ರ ತೋರಿಸುವ ಅಂಕಿ) ಎಷ್ಟಿತ್ತು ನೋಡಿ. 5 ಗ್ರೇ ದಾಟಿದ್ದರೆ ರೋಗಿಯನ್ನು ಕರೆಸಿ ನೋಡಲೇಬೇಕು. ಅದೇ ಜಾಗಕ್ಕೆ ಹಿಂದೆಯೂ ಪ್ರೊಸೀಜರ್ ಆಗಿದ್ದರೆ ಅದನ್ನೂ ಗಮನಕ್ಕೆ ತೆಗೆದುಕೊಳ್ಳಿ. ವಿಕಿರಣದ ಗಾಯ ಬಲ್ಲವರ ಸಲಹೆ ಇಲ್ಲದೆ ಬಯಾಪ್ಸಿಗೆ ಕೈಹಾಕಬಾರದು, ಅಲ್ಲಿ ಕತ್ತರಿಸಿದ್ದು ವಾಸಿಯಾಗದ ಹುಣ್ಣಾಗಬಹುದು. ಡಿಸ್ಚಾರ್ಜ್ ಚೀಟಿಯಲ್ಲೇ ಡೋಸ್ ಎಷ್ಟು, ಬೆನ್ನಿನ ಯಾವ ಜಾಗ ಎಂದು ಬರೆದುಕೊಡಿ. ಎರಡರಿಂದ ನಾಲ್ಕು ವಾರದೊಳಗೆ ಮನೆಯವರಿಗೆ ಆ ಜಾಗ ನೋಡಲು ಹೇಳಿ. ಕೆಂಪು ಕಂಡರೆ ಫೋನ್ ಮಾಡಬೇಕಾದ ನಂಬರ್ ಅದೇ ಚೀಟಿಯಲ್ಲಿರಲಿ.